ಪುರಸಭೆಗೆ ಮುಂದೆ ಏನು ಕೆಲಸ ಉಳಿಯುತ್ತದೆ?

ಪ್ರಶ್ನೆ: ನಾನು ಕುಮಟಾದವಳು. ಸಣ್ಣ ಹೊಲಿಗೆ ಅಂಗಡಿ ಇದೆ. ಮುಂದಿನ ಪುರಸಭೆ ಚುನಾವಣೆಗೆ ನಮ್ಮ ವಾರ್ಡಿನಿಂದ ನಿಲ್ಲಬೇಕು ಅಂತ ಅಕ್ಕಪಕ್ಕದವರು ಹೇಳುತ್ತಿದ್ದಾರೆ. ಮನೆಯವರು ಸುಮ್ನೆ ಯಾಕೆ ಅಂತಾರೆ. ಜನನ ಪ್ರಮಾಣಪತ್ರ ಆನ್‌ಲೈನ್ ಆಯ್ತು, ಖಾತೆ ಆನ್‌ಲೈನ್ ಆಯ್ತು. ನೀರಿನ ಯೋಜನೆ ಮಂಡಳಿಯದು, ಹೆದ್ದಾರಿ ಕೇಂದ್ರದ್ದು, ದುಡ್ಡು ಬೆಂಗಳೂರು, ದಿಲ್ಲಿಯದು. ಸದಸ್ಯೆಯಾಗಿ ನಾನು ಮಾಡುವುದಾದರೂ ಏನು? ಇನ್ನು ಹತ್ತು ವರ್ಷಕ್ಕೆ ಪುರಸಭೆಗೆ ಕೆಲಸ ಅಂತ ಇರುತ್ತದಾ ಸರ್?

ಉತ್ತರ: ನಿಲ್ಲಿ ಮೇಡಂ. ಮೊದಲು ಅದನ್ನು ಹೇಳಿಬಿಡುತ್ತೇನೆ, ಯಾಕೆ ಅನ್ನುವುದನ್ನು ಆಮೇಲೆ ನೋಡೋಣ.

ನಿಮ್ಮ ಮನೆಯವರ ಮಾತು ಸುಳ್ಳಲ್ಲ. ಪುರಸಭೆ ಅಂದರೆ ಕೌಂಟರ್, ಸದಸ್ಯ ಅಂದರೆ ಆ ಕೌಂಟರಿನಲ್ಲಿ ನಮ್ಮ ಕಾಗದ ಬೇಗ ಮುಂದೆ ಹೋಗುವ ಹಾಗೆ ಮಾಡುವವರು ಅಂತ ಬಹಳ ವರ್ಷ ನಡೆಯಿತು. ಆ ಕಾಲ ಮುಗಿಯುತ್ತಿದೆ, ಮುಗಿಯಲಿ. ಕಾಗದಕ್ಕೋಸ್ಕರ ಯಾರ ಮನೆ ಬಾಗಿಲಿಗೂ ಹೋಗಬೇಕಾಗಿಲ್ಲ ಅಂದರೆ ಜನರಿಗೆ ಒಳ್ಳೆಯದೇ. ಕಸದ ಗಾಡಿ ಎಲ್ಲಿದೆ ಅಂತ ಜಿಪಿಎಸ್ ಹೇಳುತ್ತದೆ. ಬೀದಿದೀಪ ಕೆಟ್ಟರೆ ದೂರು ಮೊಬೈಲಿನಲ್ಲೇ ಹೋಗುತ್ತದೆ. ಇಷ್ಟೇ ಪುರಸಭೆಯ ಕೆಲಸ ಆಗಿದ್ದರೆ ಇಪ್ಪತ್ತಮೂರು ಜನರನ್ನು ಆರಿಸಿ ಕೂರಿಸುವ ಅಗತ್ಯ ಇರಲಿಲ್ಲ.

ಆದರೆ ನೀವೇ ಬರೆದ ಪಟ್ಟಿಯನ್ನು ಇನ್ನೊಮ್ಮೆ ಓದಿ. ನೀರು ಒಬ್ಬರದು, ಹೆದ್ದಾರಿ ಇನ್ನೊಬ್ಬರದು, ಬಡಾವಣೆಗೆ ಒಪ್ಪಿಗೆ ಕೊಡುವವರು ಮತ್ತೊಬ್ಬರು, ಭೂಪರಿವರ್ತನೆ ಜಿಲ್ಲಾಧಿಕಾರಿಗಳದು. ಒಬ್ಬೊಬ್ಬರಿಗೆ ಒಂದೊಂದು ಪೈಪು, ಒಂದೊಂದು ರಸ್ತೆ, ಒಂದೊಂದು ಫೈಲು. ಊರನ್ನು ಇಡಿಯಾಗಿ ನೋಡುವವರು ಈ ಪಟ್ಟಿಯಲ್ಲಿ ಎಲ್ಲಿದ್ದಾರೆ? ನನಗೆ ಕಾಣುವ ಮಟ್ಟಿಗೆ ಮುಂದಿನ ಹತ್ತಿಪ್ಪತ್ತು ವರ್ಷದಲ್ಲಿ ಪುರಸಭೆಗೆ ಉಳಿಯುವ ಕೆಲಸ ಅದೇ, ಮತ್ತು ಅದು ಇವತ್ತಿರುವುದಕ್ಕಿಂತ ದೊಡ್ಡ ಕೆಲಸ.

ಕಾನೂನಿನಲ್ಲಿ ಇದು ಹೊಸ ಮಾತೇನಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಅದರ ಜೊತೆಗೆ ಬಂದ 12ನೇ ಅನುಸೂಚಿಯಲ್ಲಿ ಪಟ್ಟಣಗಳಿಗೆ ಕೊಡಬಹುದಾದ 18 ವಿಷಯಗಳಿವೆ. ಮೊದಲನೆಯದೇ ನಗರ ಯೋಜನೆ, ಎರಡನೆಯದು ಜಮೀನಿನ ಬಳಕೆ ಮತ್ತು ಕಟ್ಟಡಗಳ ನಿಯಂತ್ರಣ. ಆಮೇಲೆ ರಸ್ತೆ, ಕುಡಿಯುವ ನೀರು, ನೈರ್ಮಲ್ಯ, ಅಗ್ನಿಶಾಮಕ, ಪರಿಸರ, ಸ್ಮಶಾನ, ಬೀದಿದೀಪ. 'ಕೊಡಬಹುದಾದ' ಅಂದೆ, ಯಾಕೆಂದರೆ ಕೊಡುವುದು ಬಿಡುವುದು ರಾಜ್ಯಕ್ಕೆ ಬಿಟ್ಟದ್ದು. ನಮ್ಮಲ್ಲಿ ಯೋಜನೆ ಪ್ರಾಧಿಕಾರಗಳ ಕೈಗೆ ಹೋಯಿತು, ಅಗ್ನಿಶಾಮಕ ರಾಜ್ಯದ ಇಲಾಖೆಯಲ್ಲೇ ಉಳಿಯಿತು. ನೀರಿನ ದೊಡ್ಡ ಯೋಜನೆಗಳನ್ನು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕಟ್ಟುತ್ತದೆ. ಕಟ್ಟಿ ಮುಗಿದ ಮೇಲೆ ಪೈಪು ಒಡೆದರೆ ಬೈಗುಳ ಮಾತ್ರ ಪುರಸಭೆಗೆ.

ಈಗ ನಮ್ಮ ಕರಾವಳಿಗೆ ಬರೋಣ, ಇಲ್ಲಿ ವಿಷಯ ಬೇರೆ ಊರುಗಳಿಗಿಂತ ಗಂಭೀರ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಎಲ್ಲವೂ ಗುಡ್ಡಕ್ಕೂ ಸಮುದ್ರಕ್ಕೂ ನಡುವಿನ ಸಪೂರ ಪಟ್ಟಿಯಲ್ಲಿರುವ ಊರುಗಳು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನೀರು ಪೂರ್ವದ ಗುಡ್ಡದಿಂದ ಪಶ್ಚಿಮಕ್ಕೆ ಹರಿಯಬೇಕು. ನಾವು ಕಟ್ಟಿದ ದೊಡ್ಡ ದಾರಿಗಳೋ, ರಾಷ್ಟ್ರೀಯ ಹೆದ್ದಾರಿ 66 ಇರಲಿ, ಕೊಂಕಣ ರೈಲು ಇರಲಿ, ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತವೆ. ನೀರಿನ ದಾರಿಗೆ ಅಡ್ಡ. ಅಡ್ಡ ಕಟ್ಟಿದ ಮೇಲೆ ನೀರಿಗೆ ಉಳಿದದ್ದು ಕೆಳಗಿನ ಮೋರಿಗಳು, ಹಳ್ಳಗಳು, ಮತ್ತು ನೀರು ಸ್ವಲ್ಪ ಹೊತ್ತು ನಿಂತು ಹೋಗಲು ಜಾಗ ಕೊಡುತ್ತಿದ್ದ ಗದ್ದೆ ಬಯಲು.

ಆ ಗದ್ದೆಗಳಿಗೆ ಏನಾಗುತ್ತಿದೆ ಅಂತ ನಿಮಗೇ ಗೊತ್ತು. ಊರಿನ ಅಂಚಿನ ಗದ್ದೆ ಮಾರಾಟ ಆಗುತ್ತದೆ. ಮೊದಲು ಭೂಪರಿವರ್ತನೆ. ಅದು ಭೂಕಂದಾಯ ಕಾಯ್ದೆಯ 95ನೇ ಕಲಮಿನ ಕೆಳಗೆ ಜಿಲ್ಲಾಧಿಕಾರಿ ಕಚೇರಿಯಿಂದ. ಆಮೇಲೆ ಲೇಔಟ್ ನಕ್ಷೆ ಯೋಜನಾ ಪ್ರಾಧಿಕಾರದಿಂದ. ನಾಲ್ಕಾರು ಲಾರಿ ಕೆಂಪು ಮಣ್ಣು ಬಂದು ಗದ್ದೆ ರಸ್ತೆ ಮಟ್ಟಕ್ಕೆ ಏರುತ್ತದೆ. ರಸ್ತೆ, ಗಟಾರ, ಪಾರ್ಕಿನ ಜಾಗ ಪುರಸಭೆಗೆ ಹಸ್ತಾಂತರ. ನಿವೇಶನ ಕೊಂಡವರು ಖಾತೆಗೆ ಬರುತ್ತಾರೆ, ಕಟ್ಟಡ ಪರವಾನಗಿಗೆ ಬರುತ್ತಾರೆ. ಮುಂದಿನ ಜುಲೈನಲ್ಲಿ ಆ ಲೇಔಟಿನ ಹಿಂದಿನ ಮನೆಗಳ ಅಂಗಳದಲ್ಲಿ ನೀರು, ಅಲ್ವಾ? ಮೂರು ಕಡೆ ಸಹಿ ಆಗಿದೆ, ಮೂರೂ ಕಾನೂನಿನ ಪ್ರಕಾರವೇ ಇರಬಹುದು. ಆ ಗದ್ದೆಯಲ್ಲಿ ಯಾವ ಗುಡ್ಡದ ನೀರು ನಿಲ್ಲುತ್ತಿತ್ತು, ಅದು ಇನ್ನು ಎಲ್ಲಿಗೆ ಹೋಗಬೇಕು ಅಂತ ಕೇಳುವುದು ಮೂರು ಫೈಲಿನಲ್ಲಿ ಯಾರ ಕೆಲಸವೂ ಆಗಿರಲಿಲ್ಲ.

ಉಬ್ಬರದ ವಿಷಯ ಇನ್ನೂ ಸೂಕ್ಷ್ಮ. ಅಘನಾಶಿನಿ ಅಳಿವೆ ಕಡೆಯ ಗಜನಿ ಬೇಸಾಯ, ಅಂದರೆ ಉಪ್ಪುನೀರು ಬರುವ ತಗ್ಗು ಗದ್ದೆಯ ಬೇಸಾಯ, ಮಾಡಿದ ಹಿರಿಯರನ್ನು ಕೇಳಿ ನೋಡಿ. ಉಬ್ಬರ ಇರುವಾಗ ಹೊಳೆ ನೀರು ಸಮುದ್ರಕ್ಕೆ ಇಳಿಯುವುದಿಲ್ಲ, ಇಳಿತಕ್ಕೆ ಕಾಯಬೇಕು. ಅಷ್ಟು ಹೊತ್ತು ನೀರು ಎಲ್ಲಾದರೂ ನಿಲ್ಲಬೇಕು. ಜಂತ್ರಡಿ, ಅಂದರೆ ನೀರು ತಡೆಯುವ ಬಾಗಿಲು, ತೆಗೆಯುವ ಹೊತ್ತು, ಹಾಕುವ ಹೊತ್ತು ಅಂತ ಲೆಕ್ಕ ಇಟ್ಟು ಉಪ್ಪುನೀರಿನ ಬದುವಿನ ಒಳಗೆ ಕಗ್ಗ ಭತ್ತ ಬೆಳೆದವರು ಅವರು. ದೊಡ್ಡ ಮಳೆ ಮತ್ತು ದೊಡ್ಡ ಉಬ್ಬರ ಒಂದೇ ದಿನ ಬಂದರೆ ಏನಾಗುತ್ತದೆ ಅಂತ ಅವರಿಗೆ ಎಂಜಿನಿಯರಿಗಿಂತ ಜಾಸ್ತಿ ಗೊತ್ತಿರುತ್ತದೆ. ಈ ತಿಳಿವಳಿಕೆ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ. ವಾರ್ಡಿನಲ್ಲಿದೆ. ಅದನ್ನು ಸಭೆಗೆ ತಂದು, ನಕ್ಷೆ ಮೇಲೆ ಬರೆಸಿ, ಠರಾವಿನಲ್ಲಿ ದಾಖಲು ಮಾಡಿಸುವುದು ಸದಸ್ಯರಿಂದ ಆಗುವ ಕೆಲಸ.

ಬರೆಸಲು ದಾರಿ ಇದೆ. ಹಳೆಯ ಸರ್ವೆ ನಕ್ಷೆಯಲ್ಲಿ ಹಳ್ಳ, ಕಾಲುದಾರಿ ಎಲ್ಲ ಇರುತ್ತವೆ. ಪಹಣಿಯಲ್ಲಿ 'ಬಿ ಖರಾಬು' ಅಂತ ತೋರಿಸಿದ ಜಾಗ ಸಾರ್ವಜನಿಕ ಬಳಕೆಯದು, ಅದು ಸುತ್ತಲಿನ ಮಾಲೀಕರ ಸ್ವತ್ತಲ್ಲ. ಸರ್ವೆಯವರನ್ನು ಜೊತೆಗೆ ಕರೆದುಕೊಂಡು ಊರಿನ ಒಂದೊಂದು ಹಳ್ಳವನ್ನೂ ಗುಡ್ಡದಿಂದ ಸಮುದ್ರದವರೆಗೆ ನಡೆದು ಗುರುತು ಮಾಡಿಸಿ, ಎಲ್ಲಿ ಮುಚ್ಚಿದೆ, ಎಲ್ಲಿ ಒತ್ತುವರಿಯಾಗಿದೆ, ಯಾವ ಮೋರಿ ಸಣ್ಣದಾಗಿದೆ ಅಂತ ಒಂದು ನಕ್ಷೆ ಮಾಡಿ ಪುರಸಭೆಯ ಗೋಡೆ ಮೇಲೆ ಹಾಕಿಸಿದರೆ, ಮುಂದೆ ಯಾವ ಲೇಔಟ್ ಬಂದರೂ, ಯಾವ ಹೆದ್ದಾರಿ ಎಂಜಿನಿಯರ್ ಬಂದರೂ ಮೊದಲು ಆ ನಕ್ಷೆಗೆ ಉತ್ತರ ಕೊಡಬೇಕಾಗುತ್ತದೆ. ಐದು ವರ್ಷದಲ್ಲಿ ಇದೊಂದು ಆದರೂ ಸಾಕು ಅಂತ ನಾನು ಹೇಳುವವನು. ಕಟ್ಟಡ ಪರವಾನಗಿ ಇನ್ನೂ ಪುರಸಭೆಯಲ್ಲೇ ಇದೆ. ಬೈಲಾ ಮಾಡಿ ಸರ್ಕಾರದ ಒಪ್ಪಿಗೆ ಪಡೆಯುವ ಅಧಿಕಾರವೂ ಪುರಸಭೆಗಳ ಕಾಯ್ದೆಯಲ್ಲಿದೆ. ಅದು 1964ರ ಕಾಯ್ದೆ, ಹಳೆಯದಾದರೂ ಓದಿದರೆ ಕೈಗೆ ಆಯುಧ ಸಿಗುತ್ತದೆ.

2024ರ ಮಳೆಗಾಲವನ್ನು ನಮ್ಮ ಜಿಲ್ಲೆಯವರು ಯಾರೂ ಮರೆತಿಲ್ಲ. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಂತು. ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ಹಳೆ ಸೇತುವೆ ಕುಸಿಯಿತು. ಎರಡೂ ಕಡೆ ರಸ್ತೆ ಕೇಂದ್ರದ್ದು, ಕಷ್ಟ ಸ್ಥಳೀಯರದು. ಹೆದ್ದಾರಿ ಪುರಸಭೆಯ ಮಾತು ಕೇಳುವುದಿಲ್ಲ ಅಂತ ನೀವು ಹೇಳಬಹುದು. ಆದೇಶ ಮಾಡುವ ಅಧಿಕಾರ ನಿಜವಾಗಿಯೂ ಇಲ್ಲ. ಆದರೆ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನಿಮ್ಮ ಕ್ಷೇತ್ರದ ಶಾಸಕರು, ಸಂಸದರು ಕಾಯ್ದೆಯ ಪ್ರಕಾರ ಪುರಸಭೆಯ ಸದಸ್ಯರೇ. ಅಧ್ಯಕ್ಷರ ಚುನಾವಣೆಯ ದಿನ ಬಂದು ಮತ ಹಾಕುತ್ತಾರೆ. ಮಳೆಗಾಲಕ್ಕೆ ಮೊದಲಿನ ಒಂದು ಸಭೆಗೂ ಬರಬೇಕು, ಬರುವಾಗ ಹೆದ್ದಾರಿ ಪ್ರಾಧಿಕಾರ, ಲೋಕೋಪಯೋಗಿ, ನೀರಿನ ಮಂಡಳಿಯವರನ್ನೂ ಕರೆಸಬೇಕು ಅಂತ ಠರಾವು ಮಾಡಿ ಕಳಿಸಿ. ಬರದಿದ್ದರೆ ಬರಲಿಲ್ಲ ಅಂತ ನಡಾವಳಿಯಲ್ಲಿ ದಾಖಲಾಗಲಿ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಿಮ್ಮ ಮನೆಯವರು ಹೇಳಿದ್ದು ಮುಕ್ಕಾಲು ಪಾಲು ಸರಿ. ಒಂದು ಕಾಲಕ್ಕೆ ಊರಿನ ಬಾಗಿಲಲ್ಲಿ ಜಕಾತಿ ನಾಕಾ ಇತ್ತು. ಕರ್ನಾಟಕದಲ್ಲಿ ಜಕಾತಿ 1979ರಲ್ಲಿ ರದ್ದಾಯಿತು. ವ್ಯಾಪಾರಕ್ಕೆ ಒಳ್ಳೆಯದಾಯಿತು, ಪುರಸಭೆಯ ಸ್ವಂತ ಆದಾಯ ಮಾತ್ರ ಹೋಯಿತು. ಆಮೇಲೆ ಬಂದದ್ದು ರಾಜ್ಯದ ಅನುದಾನ. ಅದು ಬರುವಾಗಲೇ ವೇತನಕ್ಕೆ, ವಿದ್ಯುತ್ತಿಗೆ ಅಂತ ಹೆಸರು ಹೊತ್ತುಕೊಂಡು ಬರುತ್ತದೆ. ಸಭೆಯವರು ತಾವೇ ತೀರ್ಮಾನ ಮಾಡಿ ಖರ್ಚು ಮಾಡಬಹುದಾದ ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಮುಕ್ತನಿಧಿ ಅದರಲ್ಲಿ ಸಣ್ಣ ತುಂಡು. ಕೇಂದ್ರದ ಕಡೆಯಿಂದ, 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ನಮ್ಮಂಥ ಊರುಗಳಿಗೆ ಇಟ್ಟ ಅನುದಾನದಲ್ಲಿ 60% ಕುಡಿಯುವ ನೀರು, ನೈರ್ಮಲ್ಯ, ಕಸಕ್ಕೇ ಕಟ್ಟಿಟ್ಟದ್ದಾಗಿತ್ತು. ಉದ್ದೇಶ ಒಳ್ಳೆಯದೇ. ಆದರೆ ಗುಡ್ಡದ ಕೆಳಗೆ ತಡೆಗೋಡೆ ಬೇಕಾದ ಊರಿಗೂ, ಬಯಲುಸೀಮೆಯ ಒಣ ಊರಿಗೂ ಒಂದೇ ಅಚ್ಚು.

ಹಾಗಾಗಿ ಉಳಿಯುವುದು ಮನೆಪಟ್ಟಿ, ನೀರಿನ ಕರ, ಮಳಿಗೆ ಬಾಡಿಗೆ, ಪರವಾನಗಿ ಶುಲ್ಕ. ಮನೆಪಟ್ಟಿ ಜಾಸ್ತಿ ಮಾಡುತ್ತೇನೆ ಅಂತ ಹೇಳಿ ಯಾರೂ ಗೆಲ್ಲುವುದಿಲ್ಲ, ನೀವೂ ಹೇಳಬೇಡಿ. ಆದರೆ ದರ ಏರಿಸುವುದಕ್ಕಿಂತ ಮೊದಲು ಮಾಡಬೇಕಾದದ್ದು ಬೇರೆ ಇದೆ. ನಾಲ್ಕು ಮಹಡಿ ಲಾಡ್ಜ್ ಹಳೆಯ ಹಂಚಿನ ಮನೆಯ ಲೆಕ್ಕದಲ್ಲಿ ತೆರಿಗೆ ಕಟ್ಟುತ್ತಿದ್ದರೆ, ಮನೆ ಹೋಂಸ್ಟೇ ಆಗಿ ಮೂರು ವರ್ಷ ಆದರೂ ಪುಸ್ತಕದಲ್ಲಿ ವಾಸದ ಮನೆ ಅಂತಲೇ ಇದ್ದರೆ, ಅದನ್ನು ಸರಿ ಮಾಡಿಸಿ. ಪಕ್ಕದ ಮುದುಕಿ ಏಪ್ರಿಲ್‌ನಲ್ಲೇ ಹೋಗಿ 5% ರಿಯಾಯಿತಿ ಪಡೆದು ಕಟ್ಟಿ ಬಂದಿರುತ್ತಾಳೆ, ದೊಡ್ಡ ಕಟ್ಟಡದವರ ಬಾಕಿ ವರ್ಷಗಟ್ಟಲೆ ಹಾಗೇ ಇರುತ್ತದೆ. ಇದು ನನಗೆ ಸಿಟ್ಟು ಬರಿಸುವ ವಿಷಯ. ಇನ್ನೊಂದು, ನೀವು ಕಟ್ಟುವ ಮನೆಪಟ್ಟಿ ಜೊತೆಗೆ ಗ್ರಂಥಾಲಯ ಕರ 6%, ಭಿಕ್ಷುಕರ ಕರ 3% ಹೀಗೆ ಸೇರಿರುತ್ತದೆ. ಅದು ಪುರಸಭೆಯದಲ್ಲ, ವಸೂಲಿ ಮಾಡಿ ಬೇರೆಯವರಿಗೆ ಕೊಡಬೇಕಾದದ್ದು. ಜನ ಕಟ್ಟಿದ್ದೆಲ್ಲ ಪುರಸಭೆ ನುಂಗಿತು ಅಂತ ಬೈಯುವಾಗ ಇದನ್ನು ನೀವು ಬಿಡಿಸಿ ಹೇಳಬಹುದು.

ಹಾಗೆಯೇ ಸ್ವಂತ ಆದಾಯದಲ್ಲಿ ಪರಿಶಿಷ್ಟರಿಗೆ 24.10%, ಇತರ ಬಡವರಿಗೆ 7.25%, ಅಂಗವಿಕಲರಿಗೆ 5% ಮೀಸಲಿಡಬೇಕು. ಈ ಮೂರು ಅಂಕಿ ಬಾಯಿಪಾಠ ಇರಲಿ. ವರ್ಷದ ಕೊನೆಗೆ ಅದು ಏನಾಯಿತು ಅಂತ ಸಭೆಯಲ್ಲಿ ಕೇಳುವವರು ಕಡಿಮೆ.

ಇಷ್ಟೆಲ್ಲ ಮಾಡಲು ಸಭೆ ಅಂತ ಒಂದು ಇರಬೇಕಲ್ಲ. ದೊಡ್ಡ ಅಪಾಯ ನನಗೆ ಕಾಣುವುದು ಇಲ್ಲಿ, ಆ್ಯಪ್‌ಗಳಲ್ಲಿ ಅಲ್ಲ. 2018ರ ಆಗಸ್ಟ್ 31ರಂದು ಕಾರವಾರ, ಶಿರಸಿ, ಕುಮಟಾ ಸೇರಿ ರಾಜ್ಯದ ನೂರಕ್ಕೂ ಹೆಚ್ಚು ಊರುಗಳಲ್ಲಿ ಮತದಾನ ಆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ಅಧ್ಯಕ್ಷರು ಬರುವಷ್ಟರಲ್ಲಿ 2020ರ ಕೊನೆ. ಅಧ್ಯಕ್ಷರ ಅವಧಿ 30 ತಿಂಗಳು. ಅದು ಮುಗಿದ ಮೇಲೆ ಎರಡನೇ ಅವಧಿಯ ಪಟ್ಟಿಗೆ 2024ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಈ ಎರಡೂ ಸಂದಿನಲ್ಲಿ ಊರು ನಡೆಸಿದ್ದು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ. ಗೆದ್ದವರು ಇದ್ದೂ ಇಲ್ಲದ ಹಾಗೆ. ಐದು ವರ್ಷ ಮುಗಿಯುವ ಮೊದಲು ಚುನಾವಣೆ ಆಗಬೇಕು ಅಂತ ಸಂವಿಧಾನದ 243ಯು ವಿಧಿಯಲ್ಲಿ ಸ್ಪಷ್ಟವಾಗಿದೆ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದೆ. ಆಡಳಿತಾಧಿಕಾರಿಗಳಲ್ಲಿ ಒಳ್ಳೆಯವರು ಇರುತ್ತಾರೆ. ಆದರೆ ಅವರಿಗೆ ಇನ್ನೂ ಹತ್ತು ಕೆಲಸ, ಎರಡು ವರ್ಷಕ್ಕೆ ವರ್ಗಾವಣೆ. ಯಾವ ಹಳ್ಳ ಯಾವ ಮನೆ ಹಿಂದೆ ಹೋಗುತ್ತದೆ ಅಂತ ಕಲಿಯುವಷ್ಟರಲ್ಲಿ ಹೊರಟಿರುತ್ತಾರೆ. ನೀವು ಗೆದ್ದರೂ ಹೀಗೆ ಕಾಯಬೇಕಾಗಬಹುದು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ನಿಲ್ಲಿ.

ಮೀಸಲಾತಿ ಆವರ್ತನದಿಂದ ಇನ್ನೊಂದು ಆಗುತ್ತದೆ. ಈ ಸಲ ಮಹಿಳೆಗೆ ಬಂದ ವಾರ್ಡು ಮುಂದಿನ ಸಲ ಬೇರೆ ವರ್ಗಕ್ಕೆ ಹೋಗಬಹುದು. ಕಲಿತವರು ಹೊರಗೆ, ಹೊಸಬರು ಒಳಗೆ. ಇದಕ್ಕೆ ಮೀಸಲಾತಿ ತಪ್ಪಲ್ಲ. ಅರ್ಧ ಸ್ಥಾನ ಮಹಿಳೆಯರಿಗೆ ಬಂದದ್ದರಿಂದಲೇ ನಿಮ್ಮಂಥವರನ್ನು ಅಕ್ಕಪಕ್ಕದವರು ನಿಲ್ಲಲು ಕೇಳುತ್ತಿದ್ದಾರೆ, ಅದು ಬಹಳ ಒಳ್ಳೆಯ ಬದಲಾವಣೆ. ಕಲಿತದ್ದು ಕಾಗದದಲ್ಲಿ ಉಳಿಯಬೇಕು, ಅಷ್ಟೇ. ಹಳ್ಳದ ನಕ್ಷೆ ಗೋಡೆ ಮೇಲಿದ್ದರೆ ನಿಮ್ಮ ನಂತರ ಬಂದವರು ಮೊದಲಿನಿಂದ ಶುರು ಮಾಡಬೇಕಾಗುವುದಿಲ್ಲ.

ಊರು ಬೆಳೆದಿದೆ, ಪುರಸಭೆ ನಗರಸಭೆ ಆಗಲಿ, ಪಂಚಾಯತ್ ಪಟ್ಟಣ ಪಂಚಾಯತ್ ಆಗಲಿ ಅನ್ನುವ ಬೇಡಿಕೆ ಈಗ ಎಲ್ಲ ಕಡೆ. ನಾನು ಇದಕ್ಕೆ ಅಷ್ಟು ಉತ್ಸಾಹ ತೋರಿಸುವವನಲ್ಲ. ಹಳ್ಳಿ ಪಟ್ಟಣಕ್ಕೆ ಸೇರಿದ ದಿನ ಅಲ್ಲಿನವರು ಗ್ರಾಮಸಭೆ ಕಳೆದುಕೊಳ್ಳುತ್ತಾರೆ, ಉದ್ಯೋಗ ಖಾತ್ರಿ ಕೆಲಸ ಕಳೆದುಕೊಳ್ಳುತ್ತಾರೆ. ಬದಲಿಗೆ ಸಿಗುವುದು ಜಾಸ್ತಿ ತೆರಿಗೆ. ಗ್ರಾಮದವರಿಗೆ ಒಟ್ಟಿಗೆ ಕೂತು ಕೇಳುವ ಹಕ್ಕಾದರೂ ಇದೆ. ಸಂವಿಧಾನ ವಾರ್ಡ್ ಸಮಿತಿ ಕಡ್ಡಾಯ ಮಾಡಿದ್ದು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ. ನಮ್ಮ ಜಿಲ್ಲೆಯಲ್ಲಿ ಅಷ್ಟು ದೊಡ್ಡ ಊರು ಒಂದೂ ಇಲ್ಲ. ಕಡ್ಡಾಯ ಇಲ್ಲ ಅಂದರೆ ಮಾಡಬಾರದು ಅಂತಲ್ಲ. ಮೂರು ತಿಂಗಳಿಗೊಮ್ಮೆ ಶಾಲೆ ಜಗುಲಿಯಲ್ಲೋ, ದೇವಸ್ಥಾನದ ಅಂಗಳದಲ್ಲೋ ನಿಮ್ಮ ವಾರ್ಡಿನವರನ್ನು ಕೂರಿಸಿ. ಬಂದದ್ದನ್ನು ಬರೆದು ಸಾಮಾನ್ಯ ಸಭೆಗೆ ಒಯ್ಯಿರಿ. ಇದಕ್ಕೆ ಯಾರ ಅನುಮತಿಯೂ ಬೇಡ.

ಗಡಿಯ ಆಚೆಗೂ ನೋಡಬೇಕು. ಗೋಕರ್ಣ ನಿಮ್ಮದೇ ತಾಲೂಕು, ಅಲ್ಲಿರುವುದು ಗ್ರಾಮ ಪಂಚಾಯತ್. ಶನಿವಾರ, ಭಾನುವಾರ ಬರುವ ಜನರಿಗೆ ಅನುದಾನದಲ್ಲಿ ಲೆಕ್ಕ ಇಲ್ಲ, ಅನುದಾನ ಬರುವುದು ಜನಗಣತಿಯ ತಲೆಲೆಕ್ಕಕ್ಕೆ. ಆ ಲೆಕ್ಕವೂ 2011ರದು. ಹೊಸ ಗಣತಿ 2027ಕ್ಕೆ. ಅಲ್ಲಿಯವರೆಗೆ ಕಸ ಬೇರ್ಪಡಿಸುವ ಘಟಕ, ಯಂತ್ರ, ವಾಹನ ಒಬ್ಬೊಬ್ಬರೇ ಮಾಡಿಕೊಳ್ಳುವುದಕ್ಕಿಂತ ಅಕ್ಕಪಕ್ಕದ ಸ್ಥಳೀಯ ಸಂಸ್ಥೆಗಳು ಹಂಚಿಕೊಂಡರೆ ಎಲ್ಲರಿಗೂ ಉಳಿತಾಯ. ನೀರು ಈಗಾಗಲೇ ಹೀಗೇ ಇದೆಯಲ್ಲ, ಮರಾಕಲ್ ಯೋಜನೆಯ ನೀರು ಕುಮಟಾಕ್ಕೂ ಹೊನ್ನಾವರಕ್ಕೂ.

ಶಿರಸಿಯ ಉದಾಹರಣೆ ಹೇಳುತ್ತೇನೆ. ಅಲ್ಲಿ ಕೆರೆಗಳ ಹೂಳು ತೆಗೆಯಲು ಜನರೇ ಜೀವಜಲ ಕಾರ್ಯಪಡೆ ಕಟ್ಟಿಕೊಂಡು ಕೆಲಸ ಮಾಡಿದರು. ಇದನ್ನು ನೋಡಿ 'ಹಾಗಾದರೆ ನಗರಸಭೆ ಯಾಕೆ' ಅಂದವರಿದ್ದಾರೆ. ನಾನು ಉಲ್ಟಾ ಹೇಳುತ್ತೇನೆ. ಜನ ಹೂಳು ತೆಗೆಯಬಹುದು. ಕೆರೆಗೆ ನೀರು ತರುವ ಕಾಲುವೆ ಮೇಲೆ ಕಟ್ಟಡ ಬರದ ಹಾಗೆ ತಡೆಯಲು, ಚರಂಡಿ ನೀರು ಕೆರೆಗೆ ಸೇರದ ಹಾಗೆ ಮಾಡಲು ಕಾನೂನಿನ ಕೈ ಬೇಕು. ಇಂಥ ಜನ ಇರುವ ಊರಿನಲ್ಲಿ ಸ್ಥಳೀಯ ಸಂಸ್ಥೆಗೆ ಜಾಸ್ತಿ ಕೆಲಸ, ಕಡಿಮೆ ಅಲ್ಲ.

ಮತ್ತೊಂದು, ನಿಮಗೆ ಹತ್ತಿರದ್ದು. ಮೀನು ಮಾರುವ ಹೆಂಗಸರು, ಸಂತೆಯಲ್ಲಿ ತರಕಾರಿ ಹರಡಿಕೊಂಡು ಕೂರುವವರು. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ 40% ವ್ಯಾಪಾರಿಗಳೇ ಆರಿಸಿದವರು ಇರಬೇಕು. ಸಮೀಕ್ಷೆ ಮಾಡದೆ ಎಬ್ಬಿಸುವ ಹಾಗಿಲ್ಲ. ರಸ್ತೆ ಅಗಲ ಮಾಡುವಾಗ ಮೊದಲು ಹೋಗುವುದು ಇವರ ಬುಟ್ಟಿ. ಯಾರಿಗೆ ಎಲ್ಲಿ ಜಾಗ ಅಂತ ತೀರ್ಮಾನ ಮಾಡುವಾಗ, ಅಂಗಡಿಯವರು, ವಾಹನದವರು, ಬುಟ್ಟಿಯವರು, ಮಕ್ಕಳೆಲ್ಲ ಬೆಂಗಳೂರು, ಗೋವಾ ಸೇರಿ ಒಬ್ಬರೇ ಉಳಿದು ಕೋಲು ಹಿಡಿದು ಪೇಟೆಗೆ ಬರುವ ಹಿರಿಯರು, ಇವರೆಲ್ಲರ ಮಾತು ಒಂದೇ ಕೋಣೆಯಲ್ಲಿ ಕೇಳಿಸಬೇಕು. ಆ ಕೋಣೆ ಪುರಸಭೆಯ ಸಭಾಭವನ. ಬೇರೆ ಯಾವ ಇಲಾಖೆಯಲ್ಲೂ ಅಂಥ ಕೋಣೆ ಇಲ್ಲ.

ಈಗ ನೀವು ಮಾಡಬೇಕಾದದ್ದು. ನಾಮಪತ್ರಕ್ಕೆ ಇನ್ನೂ ಸಮಯ ಇರುವಾಗಲೇ ಎರಡು ಮಾಹಿತಿ ಹಕ್ಕು ಅರ್ಜಿ ಹಾಕಿ. ಒಂದರಲ್ಲಿ ಕಳೆದ ಒಂದು ವರ್ಷದ ಸಾಮಾನ್ಯ ಸಭೆಗಳ ನಡಾವಳಿ, ಸಭೆ ಇಲ್ಲದ ಕಾಲದಲ್ಲಿ ಆಡಳಿತಾಧಿಕಾರಿಗಳು ತೆಗೆದುಕೊಂಡ ತೀರ್ಮಾನಗಳ ಪ್ರತಿ. ಇನ್ನೊಂದರಲ್ಲಿ ಮನೆಪಟ್ಟಿಯ ಡಿಸಿಬಿ, ಅಂದರೆ ಎಷ್ಟು ಬರಬೇಕಿತ್ತು, ಎಷ್ಟು ಬಂತು, ಎಷ್ಟು ಬಾಕಿ ಅನ್ನುವ ತಖ್ತೆ. ಒಂದು ಅರ್ಜಿಗೆ ಹತ್ತು ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ ಇರಬೇಕು, ಅದಕ್ಕೇ ಎರಡು ಬೇರೆ ಬೇರೆ ಹಾಕಿ ಅಂದದ್ದು. 30 ದಿನದಲ್ಲಿ ಉತ್ತರ ಬರಬೇಕು. ಬಂದ ಮೇಲೆ ಮನೆಯವರನ್ನೂ ಕೂರಿಸಿಕೊಂಡು ಓದಿ. ಯಾವ ಲೆಕ್ಕಶೀರ್ಷಿಕೆ ಅರ್ಥ ಆಗಲಿಲ್ಲವೋ ಆ ಪುಟ ನನಗೆ ಕಳಿಸಿ, ಬಿಡಿಸಿ ಹೇಳುತ್ತೇನೆ.